ಹಳೆ ಎಲ್‌ಪಿಜಿ ಆಟೊ ಕೊಟ್ಟು ಎಲೆಕ್ಟ್ರಿಕ್ ಆಟೊ ತಗೊಳ್ಳಬೇಕೆ? ಗಾಡಿಗಿಂತ ಮೊದಲು ಪ್ಲಗ್ಗು, ಸಾಲದ ಕಾಗದ ನೋಡಿ

ಹುಬ್ಬಳ್ಳಿಯ ಆಟೊ ಚಾಲಕರೊಬ್ಬರ ಪ್ರಶ್ನೆ: "ಸರ್, ನಂದು ಒಂಬತ್ತು ವರ್ಷದ ಎಲ್‌ಪಿಜಿ ಆಟೊ ಐತಿ. ಸಾಲ ಎಲ್ಲಾ ತೀರೇತಿ. ದಿನಾ 80–90 ಕಿ.ಮೀ. ಓಡತೈತಿ, 4 ಲೀಟರ್ ಗ್ಯಾಸ್ ಬೇಕು, 270 ರೂಪಾಯಿ ಅಲ್ಲೇ ಹೋಗತೈತಿ. ಹೆಣ್ಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲೆ ಬಾಡಿಗಿ ಕಡಿಮಿ ಆಗ್ಯಾವ. ಷೋರೂಮಿನವ್ರು ಕರೆಂಟ್ ಗಾಡಿ ತಗೋರಿ, ತಿಂಗಳಿಗೆ ಐದಾರು ಸಾವಿರ ಉಳಿತೈತಿ, ಪರಿಸರಕ್ಕೂ ಚಲೋ ಅಂತಾರ. ಸ್ಟ್ಯಾಂಡಿನ್ಯಾಗ ಕೇಳಿದ್ರ ಬ್ಯಾಟರಿ ಎರಡು ವರ್ಷಕ್ಕ ಹೋಗತೈತಿ, ಮಳ್ಯಾಗ ಶಾಕ್ ಹೊಡಿತೈತಿ ಅಂತಾರ. ನಾವಿರೋದು ಬಾಡಿಗಿ ಮನಿ, ಗೃಹಜ್ಯೋತಿ ಬರತೈತಿ. ತಗೊಂಡ್ರ ಉಳೀತೀನೋ, ಸಾಲದಾಗ ಬೀಳತೀನೋ?"

ಉತ್ತರ:

ನೀವು ಕೇಳಿದ್ದರಲ್ಲಿ ನಾಲ್ಕು ಪ್ರಶ್ನೆಗಳು ಸೇರಿಕೊಂಡಿವೆ. ಗಾಡಿ ಬಾಳಿಕೆ ಬರುತ್ತದೆಯೇ, ಹಣ ನಿಜಕ್ಕೂ ಉಳಿಯುತ್ತದೆಯೇ, ಬಾಡಿಗೆ ಮನೆಯಲ್ಲಿ ಚಾರ್ಜ್ ಮಾಡುವುದು ಹೇಗೆ, ಬಾಡಿಗೆ ಕಡಿಮೆಯಾದ ಕಾಲದಲ್ಲಿ ಹೊಸ ಸಾಲ ಹೊರಬಹುದೇ. ಮೊದಲನೆಯದಕ್ಕೆ ಉತ್ತರ ಸುಲಭ. ಉಳಿದ ಮೂರೂ ಒಂದಕ್ಕೊಂದು ಗಂಟು ಬಿದ್ದಿವೆ. ನೇರವಾಗಿ ಹೇಳುವುದಾದರೆ, ನಿಮ್ಮ ಹಳೆ ಗಾಡಿ ಎಫ್‌ಸಿ (ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರದ ಪರೀಕ್ಷೆ) ಪಾಸಾಗುತ್ತಿದ್ದು ಎಂಜಿನ್ ದೊಡ್ಡ ಕೆಲಸ ಕೇಳದಿದ್ದರೆ ಈ ತಿಂಗಳೇ ಷೋರೂಮಿಗೆ ಓಡಬೇಡಿ. ಗಾಡಿ ಬದಲಿಸಲೇಬೇಕಾದ ಸ್ಥಿತಿ ಬಂದಿದ್ದರೆ ಎಲೆಕ್ಟ್ರಿಕ್ ಒಳ್ಳೆಯ ಆಯ್ಕೆ. ಆದರೆ ಪ್ಲಗ್ಗು ಗಟ್ಟಿಯಾಗಿರಬೇಕು, ಸಾಲದ ಕಾಗದ ಸ್ವಚ್ಛವಾಗಿರಬೇಕು. ಇವೆರಡು ಸರಿಯಿಲ್ಲದಿದ್ದರೆ ಉಳಿತಾಯವೆಲ್ಲ ಫೈನಾನ್ಸಿನವರ ಜೇಬಿಗೆ ಹೋಗುತ್ತದೆ.

ಸ್ಟ್ಯಾಂಡಿನ ಮಾತುಗಳಲ್ಲಿ ನಿಜ ಎಷ್ಟು?

"ಬ್ಯಾಟರಿ ಎರಡು ವರ್ಷಕ್ಕೆ ಹೋಗುತ್ತದೆ" ಎಂಬ ಮಾತು ಸುಳ್ಳಲ್ಲ, ಆದರೆ ಅದು ಬೇರೆ ಗಾಡಿಯ ಕಥೆ. ಗಂಟೆಗೆ 25 ಕಿ.ಮೀ. ಮೀರದ, ಲೆಡ್ ಆಸಿಡ್ ಬ್ಯಾಟರಿಯ ಇ-ರಿಕ್ಷಾಗಳಲ್ಲಿ ಬ್ಯಾಟರಿ ಬೇಗ ಕೈಕೊಡುತ್ತದೆ. ನೀವು ನೋಡಬೇಕಾದದ್ದು ಲಿಥಿಯಂ ಬ್ಯಾಟರಿಯ ಇ-ಆಟೊ, ನೋಂದಣಿಯಲ್ಲಿ ಎಲ್5 ವರ್ಗ. ಇವುಗಳ ಬ್ಯಾಟರಿ ಸಾಮಾನ್ಯವಾಗಿ ಏಳೂವರೆ ಯೂನಿಟ್‌ನಿಂದ ಒಂಬತ್ತು ಯೂನಿಟ್‌ವರೆಗೆ ಇರುತ್ತದೆ, ಹನ್ನೆರಡು ಯೂನಿಟ್‌ನವೂ ಬಂದಿವೆ. ಇಲ್ಲಿ ಯೂನಿಟ್ ಎಂದರೆ ನಿಮ್ಮ ಮನೆ ಮೀಟರಿನ ಯೂನಿಟ್ಟೇ. ಬೆಲೆ ಅರ್ಧ ಎಂದು ಇ-ರಿಕ್ಷಾ ಕಡೆ ವಾಲಬೇಡಿ. ಹುಬ್ಬಳ್ಳಿ–ಧಾರವಾಡದ ಏರುರಸ್ತೆಗಳಲ್ಲಿ ಮೂರು ಜನರನ್ನು ಕೂರಿಸಿಕೊಂಡು ಅದು ಏದುಸಿರು ಬಿಡುತ್ತದೆ.

ಇ-ಆಟೊಗಳಲ್ಲಿ ಹೆಚ್ಚಾಗಿ ಬಳಸುವುದು ಎಲ್‌ಎಫ್‌ಪಿ ಜಾತಿಯ ಲಿಥಿಯಂ ಸೆಲ್. ಬಿಸಿಲು ತಾಳಿಕೊಳ್ಳುವುದರಲ್ಲಿ ಇದು ಉಳಿದವುಗಳಿಗಿಂತ ಮೇಲು. ಇದೂ ಸವೆಯುತ್ತದೆ, ಆದರೆ ಒಂದು ದಿನ ಇದ್ದಕ್ಕಿದ್ದಂತೆ ಸಾಯುವುದಿಲ್ಲ. ಮೊದಲ ವರ್ಷ 100 ಕಿ.ಮೀ. ಓಡುತ್ತಿದ್ದದ್ದು ನಾಲ್ಕೈದು ವರ್ಷಕ್ಕೆ 80ಕ್ಕೆ ಇಳಿಯಬಹುದು. ದಿನಕ್ಕೆ 85 ಕಿ.ಮೀ. ಓಡಿಸುವ ನಿಮಗೆ ಆ ಹೊತ್ತಿಗೆ ಮಧ್ಯಾಹ್ನ ಒಂದು ತಾಸಿನ ಚಾರ್ಜ್ ಬೇಕೇ ಬೇಕು.

ಮಳೆಯಲ್ಲಿ ಶಾಕ್ ಹೊಡೆಯುವ ಭಯವನ್ನು ಗಾಡಿಯ ಮೇಲಿಂದ ತೆಗೆದು ಗೋಡೆಯ ಪ್ಲಗ್ಗಿನ ಮೇಲೆ ಇಡಿ. ಇ-ಆಟೊದ ಬ್ಯಾಟರಿ ಪೆಟ್ಟಿಗೆ ನೀರು ನುಗ್ಗದಂತೆ ಮುಚ್ಚಿರುತ್ತದೆ. ಎಲೆಕ್ಟ್ರಿಕ್ ಗಾಡಿಗಳಿಗೆ ಬೆಂಕಿ ತಗುಲಿದ ಪ್ರಕರಣಗಳ ನಂತರ ಕೇಂದ್ರ ಸರ್ಕಾರ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದಿದೆ. ಅಪಾಯವಿರುವುದು ಅರ್ಥಿಂಗ್ ಇಲ್ಲದ ಸಾಕೆಟ್, ಅಂಗಳದಲ್ಲಿ ಎಳೆದ ಎಕ್ಸ್‌ಟೆನ್ಷನ್ ಬೋರ್ಡು, ಕಂಪನಿಯದ್ದಲ್ಲದ ಚಾರ್ಜರು, ಪೆಟ್ಟಿಗೆ ಬಿಚ್ಚಿದ ಲೋಕಲ್ ರಿಪೇರಿ ಇವುಗಳಲ್ಲಿ. ನೀರಿನಿಂದ ಗಾಡಿಗೆ ಆಗುವ ಕಾಟವೇ ಬೇರೆ. ವೈರಿಂಗಿನ ಕನೆಕ್ಟರುಗಳಲ್ಲಿ ತೇವ ಕೂತು, ಎಕ್ಸಿಲೇಟರ್ ಸೆನ್ಸರ್ ತಪ್ಪು ಸಂಕೇತ ಕೊಟ್ಟು ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಪ್ರೆಷರ್ ಪಂಪಿನಿಂದ ಸೀಟಿನ ಕೆಳಗೆ ತೊಳೆಸುವುದನ್ನು ಮರೆತುಬಿಡಿ.

ಇನ್ನೊಂದು ಮಾತು ಬಹಳ ಕೇಳಿಬರುತ್ತದೆ: "ಬ್ಯಾಟರಿ ಫುಲ್ ಇತ್ತು, ಆದರೂ ಗಾಡಿ ಏಳಲಿಲ್ಲ." ಎಷ್ಟೋ ಸಲ ಇಲ್ಲಿ ತಪ್ಪು ದೊಡ್ಡ ಬ್ಯಾಟರಿಯದ್ದಲ್ಲ. ಲೈಟು, ಹಾರ್ನ್ ಮತ್ತು ಮುಖ್ಯ ಸ್ವಿಚ್ಚನ್ನು ನಡೆಸುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಕುಸಿದಿರುತ್ತದೆ. ಅದು ಕೈಕೊಟ್ಟರೆ ದೊಡ್ಡ ಬ್ಯಾಟರಿಯಿಂದ ಮೋಟರಿಗೆ ಹೋಗುವ ದಾರಿಯೇ ತೆರೆಯುವುದಿಲ್ಲ. ಅದನ್ನು ಪರೀಕ್ಷಿಸುವುದು ಎರಡು ನಿಮಿಷದ ಕೆಲಸ. ಗೊತ್ತಿಲ್ಲದೆ ಗಾಡಿಯನ್ನು ಟೋ ಮಾಡಿಸಿದರೆ ಒಂದು ದಿನದ ಗಳಿಕೆಯೇ ಹೋಗುತ್ತದೆ.

ಉಳಿತಾಯದ ಲೆಕ್ಕ

ಷೋರೂಮಿನವರ ಲೆಕ್ಕ ಇಂಧನದ ಮಟ್ಟಿಗೆ ಸರಿಯಾಗಿಯೇ ಇದೆ. 85 ಕಿ.ಮೀ. ಓಡಲು ಬ್ಯಾಟರಿಯಿಂದ ಸುಮಾರು 7 ಯೂನಿಟ್ ಖರ್ಚಾಗುತ್ತದೆ. ಚಾರ್ಜರಿನಲ್ಲಿ ಬಿಸಿಯಾಗಿ ಸೋರುವುದನ್ನು ಸೇರಿಸಿದರೆ ಮೀಟರಿನಲ್ಲಿ 8 ಯೂನಿಟ್ ತಿರುಗುತ್ತದೆ. ತೆರಿಗೆ, ಹೆಚ್ಚುವರಿ ಶುಲ್ಕ ಎಲ್ಲ ಕೂಡಿಸಿ ಯೂನಿಟ್ಟಿಗೆ 7.50 ರೂ. ಎಂದು ಹಿಡಿದರೆ ದಿನಕ್ಕೆ 60 ರೂ. ತಿಂಗಳಿಗೆ 26 ದಿನ ಓಡಿಸಿದರೆ 1,560 ರೂ. ಗ್ಯಾಸಿಗೆ ನೀವು ಈಗ ಕೊಡುತ್ತಿರುವುದು 7,020 ರೂ. ಅಂದರೆ 5,460 ರೂ. ವ್ಯತ್ಯಾಸ.

ಆದರೆ ನಿಮ್ಮ ಹಳೆ ಗಾಡಿಗೆ ಕಂತಿಲ್ಲ. ಹೊಸ ಇ-ಆಟೊದ ಆನ್‌ರೋಡ್ ಬೆಲೆ 3.60 ಲಕ್ಷ ಎಂದಿಟ್ಟುಕೊಳ್ಳಿ. 60 ಸಾವಿರ ಕೈಯಿಂದ ಹಾಕಿ 3 ಲಕ್ಷ ಸಾಲ ಮಾಡಿದಿರಿ. ವರ್ಷಕ್ಕೆ ಶೇ 12ರಂತೆ, ಅಸಲು ಇಳಿದಂತೆ ಇಳಿಯುವ ಬಡ್ಡಿಯಲ್ಲಿ, ನಾಲ್ಕು ವರ್ಷಕ್ಕೆ ತಿಂಗಳ ಕಂತು 7,900 ರೂ. ಉಳಿತಾಯ 5,460, ಕಂತು 7,900. ಜೊತೆಗೆ ಮುಂದಿನ ಬ್ಯಾಟರಿಗೆಂದು ತಿಂಗಳಿಗೆ 1,500 ರೂ. ತೆಗೆದಿಡಲೇಬೇಕು. ಎಂಜಿನ್ ಆಯಿಲ್, ಪ್ಲಗ್, ಕ್ಲಚ್ ಪ್ಲೇಟಿನ ಖರ್ಚು ತಪ್ಪುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಾಲ ತೀರುವವರೆಗೆ ತಿಂಗಳಿಗೆ ಸುಮಾರು ಮೂರು ಸಾವಿರ ನಿಮ್ಮ ಕೈಯಿಂದಲೇ ಹೋಗುತ್ತದೆ. ಚೆನ್ನಾಗಿ ಓಡುವ, ಸಾಲವಿಲ್ಲದ ಗಾಡಿಯನ್ನು ಮಾರಿ ಇದಕ್ಕೆ ಇಳಿಯಬೇಡಿ ಎಂದು ಹೇಳಿದ್ದು ಇದಕ್ಕೇ.

ಎಂಜಿನ್ ಸವೆದು ಬೋರಿಗೆ ಬಂದು, ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ಕೂರುವಂತಾಗಿದ್ದರೆ ಮಾತು ಬೇರೆ. ಆಗ ಹೋಲಿಸಬೇಕಾದದ್ದು ಹಳೆ ಎಲ್‌ಪಿಜಿಯ ಜೊತೆಗಲ್ಲ, ಹೊಸ ಸಿಎನ್‌ಜಿ ಆಟೊ ಜೊತೆಗೆ. 2025ರ ಸೆಪ್ಟೆಂಬರ್ 22ರಿಂದ ತ್ರಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ ಸಿಎನ್‌ಜಿ ಗಾಡಿ ಅಗ್ಗವಾಗಿದೆ. ಎಲೆಕ್ಟ್ರಿಕ್‌ಗೆ 2019ರಿಂದಲೇ ಶೇ 5 ಇದೆ. ಸಿಎನ್‌ಜಿ ಗಾಡಿ 3 ಲಕ್ಷ ಎಂದು ಹಿಡಿದು, ಅದೇ 60 ಸಾವಿರ ಮುಂಗಡ, ಅದೇ ಬಡ್ಡಿಯಲ್ಲಿ ಕಂತು 6,320 ರೂ. ಕಿಲೋಗೆ 35 ಕಿ.ಮೀ. ಓಡಿದರೆ ದಿನಕ್ಕೆ ಸುಮಾರು 210 ರೂ. ಗ್ಯಾಸ್, ತಿಂಗಳಿಗೆ 5,460. ಆಯಿಲ್, ಕ್ಲಚ್ ಇತ್ಯಾದಿಗೆ 700 ಸೇರಿಸಿದರೆ ಒಟ್ಟು 12,480 ರೂ. ಎಲೆಕ್ಟ್ರಿಕ್‌ನಲ್ಲಿ ಕಂತು 7,900, ಕರೆಂಟ್ 1,560, ಬ್ಯಾಟರಿ ನಿಧಿ 1,500, ಇದರ ಮೇಲೆ ಗೃಹಜ್ಯೋತಿ ತಪ್ಪಿದರೆ 450 (ಅದನ್ನು ಮುಂದೆ ಹೇಳುತ್ತೇನೆ). ಒಟ್ಟು 11,410 ರೂ. ಅಂದರೆ ಎಲೆಕ್ಟ್ರಿಕ್ ತಿಂಗಳಿಗೆ ಸಾವಿರ ರೂಪಾಯಿ ಮುಂದೆ. ದಿನಕ್ಕೆ 110 ಕಿ.ಮೀ. ಓಡಿಸುವವರಿಗೆ ಈ ಅಂತರ ಇನ್ನೂ ಹಿಗ್ಗುತ್ತದೆ, 50 ಕಿ.ಮೀ. ಓಡಿಸುವವರಿಗೆ ಅಳಿಸಿಹೋಗುತ್ತದೆ. ಸಾಲ ತೀರಿದ ಮೇಲೆ ಬ್ಯಾಟರಿ ನಿಧಿ ಸಹಿತ ಎಲೆಕ್ಟ್ರಿಕ್‌ನ ಖರ್ಚು ತಿಂಗಳಿಗೆ 3,510, ಸಿಎನ್‌ಜಿಯದ್ದು 6,160. ನಿಜವಾದ ಲಾಭ ಶುರುವಾಗುವುದು ಅಲ್ಲಿಂದ.

ಈ ಬೆಲೆ, ದರಗಳು ನಿಮ್ಮೂರಿನಲ್ಲಿ ಸ್ವಲ್ಪ ಆಚೀಚೆ ಇರುತ್ತವೆ. ನಿಮ್ಮ ಅಂಕಿ ಹಾಕಿ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ.

ಫ್ಲಾಟ್ ಬಡ್ಡಿಯ ಗುಂಡಿ

ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುವುದು ಒಂದೇ ಒಂದು ಪದದಿಂದ. "ಬಡ್ಡಿ ಬರೀ 12 ಪರ್ಸೆಂಟ್" ಎಂದು ಫೈನಾನ್ಸಿನವರು ಹೇಳುತ್ತಾರೆ, ಅದು ಫ್ಲಾಟ್ ಬಡ್ಡಿ ಎಂದು ಹೇಳುವುದಿಲ್ಲ. ಫ್ಲಾಟ್ ಎಂದರೆ ನೀವು ಅಸಲು ತೀರಿಸುತ್ತ ಬಂದರೂ ಕೊನೆಯ ತಿಂಗಳವರೆಗೆ ಪೂರ್ತಿ 3 ಲಕ್ಷದ ಮೇಲೆಯೇ ಬಡ್ಡಿ. ಮೂರು ವರ್ಷಕ್ಕೆ 1,08,000 ರೂ. ಬಡ್ಡಿ, ಕಂತು 11,333 ರೂ. ಇಳಿಯುವ ಅಸಲಿನ ಮೇಲೆ ಅದೇ ಶೇ 12 ಆಗಿದ್ದರೆ ಕಂತು 9,964, ಒಟ್ಟು ಬಡ್ಡಿ ಸುಮಾರು 58,700. ಒಂದೇ ಅಂಕಿ ಹೇಳಿ ನಿಮ್ಮಿಂದ 49 ಸಾವಿರ ಹೆಚ್ಚಿಗೆ ತೆಗೆದುಕೊಳ್ಳುತ್ತಾರೆ. ಆ ಫ್ಲಾಟ್ 12ರ ನಿಜವಾದ ವಾರ್ಷಿಕ ದರ ಶೇ 21ರ ಮೇಲೆ. ಇದರ ಮೇಲೆ ಫೈಲ್ ಚಾರ್ಜು, ಇನ್ಶೂರೆನ್ಸು, ಕಾರ್ಡು ಎಂದು ಇನ್ನಷ್ಟು ಕತ್ತರಿಸುತ್ತಾರೆ. 11,333 ರೂ. ಕಂತಿನಲ್ಲಿ ಎಲೆಕ್ಟ್ರಿಕ್‌ನ ತಿಂಗಳ ಖರ್ಚು 14,800 ದಾಟುತ್ತದೆ. ಅದೇ ಮೂರು ವರ್ಷದ ಬ್ಯಾಂಕ್ ಸಾಲದ ಸಿಎನ್‌ಜಿಗಿಂತ ಸುಮಾರು 700 ರೂ. ಹೆಚ್ಚು.

ಇದಕ್ಕೆ ಕಾನೂನಿನಲ್ಲೇ ನಿಮ್ಮ ಕೈಯಲ್ಲಿ ಒಂದು ಆಯುಧ ಇದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆಲ್ಲ ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ ಸಾಲದ ಮುಖ್ಯಾಂಶಗಳ ಪತ್ರ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಅವರು ಅದನ್ನು ಕೆಎಫ್‌ಎಸ್ ಎನ್ನುತ್ತಾರೆ. ಎಲ್ಲ ಶುಲ್ಕ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ಬಡ್ಡಿ ದರ, ಅಂದರೆ ಎಪಿಆರ್, ಅದರಲ್ಲಿ ಇರಬೇಕು. ನಿಮಗೆ ತಿಳಿಯುವ ಭಾಷೆಯಲ್ಲೂ ಇರಬೇಕು. ಸಹಿ ಹಾಕುವ ಮೊದಲು ಕನ್ನಡದಲ್ಲಿ ಅದನ್ನು ಕೇಳಿ ಪಡೆಯಿರಿ, ಎಪಿಆರ್ ಎಂಬ ಸಾಲಿನ ಮೇಲೆ ಬೆರಳಿಟ್ಟು ಓದಿ. ಇಬ್ಬರು ಮೂವರ ಪತ್ರ ಪಕ್ಕಪಕ್ಕ ಇಟ್ಟುಕೊಂಡು ಆ ಒಂದು ಸಾಲನ್ನಷ್ಟೇ ಹೋಲಿಸಿದರೂ ಸಾಕು.

ಫೈನಾನ್ಸಿಗೆ ಹೋಗುವ ಮೊದಲು ನಿಮ್ಮ ಖಾತೆ ಇರುವ ಸರ್ಕಾರಿ ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಿ. 50 ಸಾವಿರದಿಂದ 5 ಲಕ್ಷದವರೆಗಿನ ಕಿಶೋರ್ ವರ್ಗದಲ್ಲಿ ಆಟೊ ಬರುತ್ತದೆ, ಅಡಮಾನ ಬೇಕಿಲ್ಲ. ಬ್ಯಾಂಕಿನವರು ನೋಡುವುದು ಖಾತೆಯಲ್ಲಿ ಹಣ ಓಡಾಡಿದ ಗುರುತು. ಆದ್ದರಿಂದ ಇವತ್ತಿನಿಂದಲೇ ಯುಪಿಐಯಲ್ಲಿ ಬರುವ ಬಾಡಿಗೆಯೆಲ್ಲ ಒಂದೇ ಖಾತೆಗೆ ಬೀಳುವಂತೆ ಮಾಡಿ, ನಗದಿನ ಒಂದಷ್ಟನ್ನೂ ವಾರಕ್ಕೊಮ್ಮೆ ಅದೇ ಖಾತೆಗೆ ಕಟ್ಟಿ. ಆರು ತಿಂಗಳ ಸ್ಟೇಟ್‌ಮೆಂಟ್ ನಿಮ್ಮ ಪರವಾಗಿ ಮಾತಾಡುತ್ತದೆ. ಪರಿಶಿಷ್ಟ ಜಾತಿ, ಪಂಗಡ ಅಥವಾ ಅಲ್ಪಸಂಖ್ಯಾತ ಸಮುದಾಯದವರಾದರೆ ಆಯಾ ಅಭಿವೃದ್ಧಿ ನಿಗಮದಲ್ಲಿ ಸ್ವಾವಲಂಬಿ ಸಾರಥಿ ಸಹಾಯಧನಕ್ಕೆ ಅರ್ಜಿ ಕರೆದಾಗ ಹಾಕಿ. ಸಿಕ್ಕರೆ ಮೇಲಿನ ಇಡೀ ಲೆಕ್ಕವೇ ನಿಮ್ಮ ಕಡೆ ವಾಲುತ್ತದೆ.

ಕೇಂದ್ರದ ಪಿಎಂ ಇ-ಡ್ರೈವ್ ರಿಯಾಯಿತಿಯನ್ನು ನಂಬಿ ಕೂರಬೇಡಿ. ಈ ವರ್ಗದ ಗಾಡಿಗಳಿಗೆ 2024ರ ಅಕ್ಟೋಬರಿನಲ್ಲಿ ಬ್ಯಾಟರಿಯ ಪ್ರತಿ ಯೂನಿಟ್ಟಿಗೆ 5,000 ರೂ. ಇದ್ದದ್ದು ಆಮೇಲೆ 2,500ಕ್ಕೆ ಇಳಿಯಿತು. ಅದಕ್ಕೆ ಗಾಡಿಗಳ ಸಂಖ್ಯೆಯ ಮಿತಿಯೂ ಇತ್ತು. ಕೊಟೇಶನ್‌ನಲ್ಲಿ ಇವತ್ತಿನ ಬೆಲೆ ಎಷ್ಟು, ಅದರಲ್ಲಿ ರಿಯಾಯಿತಿ ಏನಾದರೂ ಇದ್ದರೆ ಎಷ್ಟು ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಿ.

ಪ್ಲಗ್ಗು, ಮೀಟರು, ಗೃಹಜ್ಯೋತಿ

ಆಟೊ ಚಾರ್ಜರ್ ಸಾಮಾನ್ಯವಾಗಿ 3 ಕಿಲೋವ್ಯಾಟಿನ ಆಸುಪಾಸಿನದು. ಸುಮಾರು ಮೂರು ಗಂಟೆ ಸತತವಾಗಿ 13 ಆಂಪಿಯರ್ ಎಳೆಯುತ್ತದೆ. ಇಸ್ತ್ರಿ ಪೆಟ್ಟಿಗೆ ಐದು ನಿಮಿಷ ತಡೆಯುವ ಸಾಕೆಟ್ಟು ಇದನ್ನು ತಡೆಯುವುದಿಲ್ಲ. ಹಳೆ ಮನೆಗಳ ತೆಳು ವೈರು ಗೋಡೆಯೊಳಗೇ ಬಿಸಿಯಾಗುತ್ತದೆ. ಮೊದಲು ಪ್ಲಗ್ಗಿನ ಪಿನ್ನು ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸಾಕೆಟ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರು, ಅದಕ್ಕೇ ಮೀಸಲಾದ ಎಂಸಿಬಿ (ಲೋಡು ಹೆಚ್ಚಾದರೆ ಬೀಳುವ ಸ್ವಿಚ್ಚು), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು), ಒಳ್ಳೆಯ ಕಂಪನಿಯ 16 ಆಂಪಿಯರ್ ಸಾಕೆಟ್, ಮಳೆ ಬೀಳದ ಜಾಗ, ನಿಜವಾದ ಅರ್ಥಿಂಗ್: ಇಷ್ಟೂ ಬೇಕು. ಅರ್ಥ್ ಪಿನ್ನಿಗೆ ನ್ಯೂಟ್ರಲ್ ಕಟ್ಟಿ ಕೈತೊಳೆದುಕೊಳ್ಳುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಅದು ಪ್ರಾಣಕ್ಕೇ ಸಂಚಕಾರ. ಮೊದಲ ದಿನ ಒಂದು ಗಂಟೆ ಚಾರ್ಜ್ ಮಾಡಿದ ಮೇಲೆ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ, ವೈರಿಂಗ್ ಮತ್ತೊಮ್ಮೆ ನೋಡಿಸಿ.

ಅನೇಕ ಮನೆಗಳ ಮಂಜೂರಾದ ಲೋಡು 1 ಕಿಲೋವ್ಯಾಟ್ ಮಾತ್ರ. 3 ಕಿಲೋವ್ಯಾಟ್ ಎಳೆದರೆ ಹೆಚ್ಚುವರಿ ಲೋಡಿನ ದಂಡ ಬಿಲ್ಲಿನಲ್ಲಿ ಬರುತ್ತದೆ.

ಇನ್ನು ಗೃಹಜ್ಯೋತಿ. ಷೋರೂಮಿನಲ್ಲಿ ಇದರ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. 2022–23ರ ನಿಮ್ಮ ಸರಾಸರಿ ಬಳಕೆ ತಿಂಗಳಿಗೆ 55 ಯೂನಿಟ್ ಇದ್ದಿದ್ದರೆ ಅದರ ಮೇಲೆ ಶೇ 10 ಸೇರಿ ಸುಮಾರು 60 ಯೂನಿಟ್ ಉಚಿತ. ಅದನ್ನು ಮೀರಿ 200ರೊಳಗೆ ಬಳಸಿದರೆ ಮೀರಿದ್ದಕ್ಕಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಮನೆಯ 60, ಆಟೊದ 208 ಸೇರಿ 268. ಅಲ್ಲಿಗೆ ಆ ತಿಂಗಳ ಉಚಿತ ಯೂನಿಟ್ ಹೋಯಿತು, ಸುಮಾರು 450 ರೂ. ನಷ್ಟ. ಇದನ್ನು ತಪ್ಪಿಸಲು ದಾರಿಯಿದೆ. ವಾಹನ ಚಾರ್ಜಿಂಗ್‌ಗೆ ವಿದ್ಯುತ್ ಕಂಪನಿಗಳಲ್ಲಿ ಪ್ರತ್ಯೇಕ ದರ ವರ್ಗವೇ ಇದೆ. ಹೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಅದಕ್ಕೆ ಬೇರೆ ಮೀಟರ್ ಕೇಳಿ. ಮನೆಯ ಗೃಹಜ್ಯೋತಿ ಮನೆಗೇ ಉಳಿಯುತ್ತದೆ, ದುಡಿಮೆಯ ಗಾಡಿಯ ಲೆಕ್ಕ ಬೇರೆಯಾಗುತ್ತದೆ, ಲೋಡಿನ ಗೊಂದಲವೂ ಇಲ್ಲ.

ಬೇರೆ ಮೀಟರಿಗೆ ಮನೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ನಿಮ್ಮ ಪ್ರಶ್ನೆಯ ಮುಳ್ಳು ಇರುವುದು ಇಲ್ಲಿಯೇ. ಮಾಲೀಕರ ಭಯ ಎರಡು, ಬೆಂಕಿ ಮತ್ತು ಬಿಲ್. ಮೇಲೆ ಹೇಳಿದ ವೈರಿಂಗನ್ನು ಪರವಾನಗಿ ಇರುವ ಗುತ್ತಿಗೆದಾರರಿಂದ ನನ್ನ ಖರ್ಚಿನಲ್ಲೇ ಮಾಡಿಸುತ್ತೇನೆ, ನಾನು ಮನೆ ಬಿಟ್ಟಾಗ ಅದು ನಿಮಗೇ ಉಳಿಯುತ್ತದೆ ಎಂದು ಮಾಲೀಕರಿಗೆ ಹೇಳಿ ನೋಡಿ. ಬಹಳ ಮಾಲೀಕರು ಇಷ್ಟಕ್ಕೆ ಒಪ್ಪುತ್ತಾರೆ. ಮೀಟರ್ ಬೇಡವೆಂದರೆ ಸಬ್‌ಮೀಟರ್ ಹಾಕಿಸಿ, ಯೂನಿಟ್ಟಿಗೆ ಇಷ್ಟು ಎಂದು ಬಾಡಿಗೆ ಕರಾರಿನಲ್ಲೇ ಬರೆಸಿ. ಬಾಯಿಮಾತಿನ ಒಪ್ಪಂದದ ಮೇಲೆ ಮೂರೂವರೆ ಲಕ್ಷದ ಗಾಡಿ ತರಬೇಡಿ. ನಾಳೆ ಮಾಲೀಕರ ಮನಸ್ಸು ಬದಲಾದರೂ ಕಂತು ಬದಲಾಗುವುದಿಲ್ಲ.

ಮನೆಯಲ್ಲಿ ಆಗಲೇ ಇಲ್ಲವೆಂದರೆ ಸಾರ್ವಜನಿಕ ಚಾರ್ಜಿಂಗ್. ಯೂನಿಟ್ಟಿಗೆ 14 ರೂ. ಬಿದ್ದರೂ ತಿಂಗಳಿಗೆ 2,900 ರೂ. ದಾಟುತ್ತದೆ, ಸಿಎನ್‌ಜಿಗೂ ಅದಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ. ಕಾರಿನ ಫಾಸ್ಟ್ ಚಾರ್ಜರ್ ಗನ್ನು ಹೆಚ್ಚಿನ ಆಟೊಗಳಿಗೆ ಕೂರುವುದೂ ಇಲ್ಲ. ಫೋನಿನ ನಕ್ಷೆಯಲ್ಲಿ ಕಾಣುವ ಹತ್ತು ಕೇಂದ್ರಗಳಲ್ಲಿ ನಿಮ್ಮ ಗಾಡಿಗೆ ಉಪಯೋಗಕ್ಕೆ ಬರುವುದು ಎಷ್ಟು ಎಂದು ಖುದ್ದು ಹೋಗಿ ನೋಡಿ. ಬ್ಯಾಟರಿ ಅದಲುಬದಲು ಮಾಡುವ ವ್ಯವಸ್ಥೆಯಲ್ಲಿ ಗಾಡಿ ಅಗ್ಗಕ್ಕೆ ಸಿಗುತ್ತದೆ, ಬ್ಯಾಟರಿಯ ಚಿಂತೆ ಕಂಪನಿಯದ್ದು. ಆದರೆ ನಿಮ್ಮ ಓಡಾಟದ ಏರಿಯಾದಲ್ಲಿ ಎರಡು ಮೂರು ಕೇಂದ್ರವಾದರೂ ಇಲ್ಲದಿದ್ದರೆ, ಅಥವಾ ಕಂಪನಿ ಊರು ಬಿಟ್ಟರೆ, ಗಾಡಿ ಮೂಲೆ ಸೇರುತ್ತದೆ.

ಆಟೊ ಸಂಘಗಳು ಜಿದ್ದಿಗೆ ಬಿದ್ದು ಕೇಳಬೇಕಾದ ಬೇಡಿಕೆ ಇದು: ಪ್ರತಿ ಸ್ಟ್ಯಾಂಡಿನಲ್ಲಿ ಮೀಟರ್ ಇರುವ ನಾಲ್ಕೈದು 16 ಆಂಪಿಯರ್ ಸಾಕೆಟ್. ದುಬಾರಿ ಯಂತ್ರವೇನೂ ಬೇಕಿಲ್ಲ. ಕಾರಿಗೆ ಹೆದ್ದಾರಿಯಲ್ಲಿ ಫಾಸ್ಟ್ ಚಾರ್ಜರ್ ಹಾಕುವ ಹಣದ ಒಂದು ಪಾಲಿನಲ್ಲಿ ಊರಿನ ಸ್ಟ್ಯಾಂಡುಗಳಿಗೆಲ್ಲ ಇದನ್ನು ಕೊಡಬಹುದು. ಸ್ವಂತ ಮನೆ, ಸ್ವಂತ ಪೋರ್ಟಿಕೋ ಇರುವವರಿಗೆ ಮಾತ್ರ ಅಗ್ಗದ ಕರೆಂಟು ಸಿಕ್ಕು, ದಿನಕ್ಕೆ ಹತ್ತು ತಾಸು ಹೊಗೆಯಲ್ಲಿ ಕೂತು ದುಡಿಯುವವರಿಗೆ ಸಿಗದೆ ಹೋದರೆ ಅದು ಅನ್ಯಾಯ.

ವಾರಂಟಿ ಓದುವ ಬಗೆ

ವರ್ಷ ನೋಡಬೇಡಿ, ಕಿಲೋಮೀಟರ್ ನೋಡಿ. ವರ್ಷಕ್ಕೆ 300 ದಿನ, 85 ಕಿ.ಮೀ.ನಂತೆ ನೀವು 25,500 ಕಿ.ಮೀ. ಓಡಿಸುತ್ತೀರಿ. 80 ಸಾವಿರ ಕಿ.ಮೀ. ವಾರಂಟಿ ನಿಮಗೆ ಮೂರು ವರ್ಷಕ್ಕೆ ಮುಗಿಯುತ್ತದೆ, 1.20 ಲಕ್ಷದ್ದು ನಾಲ್ಕು ವರ್ಷ ಎಂಟು ತಿಂಗಳಿಗೆ. ಸಾಲದ ಅವಧಿಗಿಂತ ವಾರಂಟಿ ಮೊದಲು ಮುಗಿಯಬಾರದು, ಇದು ನನ್ನ ಕಟ್ಟುನಿಟ್ಟಿನ ಸಲಹೆ. ಬ್ಯಾಟರಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ, ಯಾರು ಅಳೆಯುತ್ತಾರೆ, ಬದಲಿಸುವವರೆಗೆ ಎಷ್ಟು ದಿನ ಗಾಡಿ ನಿಲ್ಲುತ್ತದೆ, ವಾರಂಟಿ ಮುಗಿದ ಮೇಲೆ ಹೊಸ ಬ್ಯಾಟರಿಗೆ ಎಷ್ಟು ಎಂಬ ನಾಲ್ಕೂ ಬರವಣಿಗೆಯಲ್ಲಿ ಬೇಕು. ಕಂಟ್ರೋಲರ್ (ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆ) ಮತ್ತು ಚಾರ್ಜರ್ ಹುಬ್ಬಳ್ಳಿಯಲ್ಲೇ ಸ್ಟಾಕ್ ಇದೆಯೇ ಎಂದೂ ಕೇಳಿ. ಬೇರೆ ಊರಿನಿಂದ ಬರಬೇಕೆಂದರೆ ವಾರ ಹೋಗುತ್ತದೆ, ಓಣಿಯ ಮೆಕ್ಯಾನಿಕ್ ಅದನ್ನು ಸರಿಮಾಡಲಾರ.

ನಿಮ್ಮ ಕೈಯಲ್ಲಿರುವುದೂ ಇದೆ. ಬಿರುಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡಿ. ವಾರಕ್ಕೊಮ್ಮೆ ಪೂರ್ತಿ ನೂರಕ್ಕೆ ಏರಿಸಿ, ಆಗಲೇ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್) ಸೆಲ್ಲುಗಳನ್ನು ಸಮ ಮಾಡುವುದು. ಇಲ್ಲದಿದ್ದರೆ ಗಾಡಿಯ ಮೀಟರಿನಲ್ಲಿ ಇನ್ನೂ ಶೇ 20 ಚಾರ್ಜ್ ತೋರಿಸುತ್ತಿರುವಾಗಲೇ ಗಾಡಿ ನಿಲ್ಲಬಹುದು. ಜಾತ್ರೆಗೋ ಸುಗ್ಗಿಗೋ ಎಂದು ವಾರಗಟ್ಟಲೆ ಊರಿಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿ ಬಿಟ್ಟು ಹೋಗಿ, ಖಾಲಿ ಬಿಡಬೇಡಿ. ಶಾಲೆಯ ಮಕ್ಕಳನ್ನು ತುರುಕಿ ಏರು ಹತ್ತಿಸಿದರೆ ಕಂಟ್ರೋಲರ್ ಬಿಸಿಯಾಗುತ್ತದೆ, ಬ್ರೇಕ್ ಹಿಡಿಯುವ ದೂರವೂ ಹೆಚ್ಚುತ್ತದೆ.

ಬಾಡಿಗೆ ಕಡಿಮೆಯಾದದ್ದು, ಪರಿಸರದ ಮಾತು

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನ ದಾರಿಯಲ್ಲೇ ಓಡುವ ಬಾಡಿಗೆಗಳು ನಿಮ್ಮ ಕೈತಪ್ಪಿದ್ದು ನಿಜ. ಆ ನೋವನ್ನು ಹಗುರವಾಗಿ ಕಾಣಲಾರೆ. ಆದರೆ ಆ ಹೆಣ್ಣುಮಕ್ಕಳು ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಹೊರಟಿದ್ದಾರೆ ಎಂಬುದೂ ಅಷ್ಟೇ ನಿಜ, ಮತ್ತು ಬಸ್ ಮನೆ ಬಾಗಿಲಿಗೆ ಬರುವುದಿಲ್ಲ. ಉದ್ದ ಬಾಡಿಗೆ ಹೋದ ಕಡೆ ಗಿಡ್ಡ ಬಾಡಿಗೆ ಇದೆ. ಚಿಗರಿ ಬಸ್ಸಿನ ನಿಲ್ದಾಣಗಳಿಂದ ನವನಗರ, ಉಣಕಲ್, ವಿದ್ಯಾನಗರದ ಒಳಓಣಿಗಳಿಗೆ ಎರಡು ಮೂರು ಕಿಲೋಮೀಟರಿನ ಓಟ. ನಿಂತು ಹೊರಡುವ ಇಂಥ ಓಟದಲ್ಲಿ ಎಂಜಿನ್ ಗಾಡಿ ಗ್ಯಾಸು ಕುಡಿಯುತ್ತದೆ. ಎಲೆಕ್ಟ್ರಿಕ್ ಗಾಡಿ ನಿಂತಾಗ ಏನೂ ಸುಡುವುದಿಲ್ಲ, ಬ್ರೇಕ್ ಹಾಕಿದಾಗ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಬೇರೆಬೇರೆ ಪ್ರಯಾಣಿಕರಿಂದ ತಲೆಗಿಷ್ಟು ಎಂದು ಪಡೆಯಲು ಸಾಮಾನ್ಯ ಆಟೊ ಪರ್ಮಿಟ್ ಅವಕಾಶ ಕೊಡುವುದಿಲ್ಲ. ಶೇರ್ ಆಟೊ ಮಾಡುವುದಿದ್ದರೆ ಆರ್‌ಟಿಒ ಬಳಿ ಮೊದಲು ವಿಚಾರಿಸಿ.

"ಕರೆಂಟ್ ಗಾಡಿ ಅಂದರೆ ಸೊನ್ನೆ ಮಾಲಿನ್ಯ" ಎಂಬುದು ಜಾಹೀರಾತಿನ ಮಾತು. ನಿಮ್ಮ 4 ಲೀಟರ್ ಗ್ಯಾಸು ಸುಟ್ಟಾಗ ಸುಮಾರು 6 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದೇಶದ ವಿದ್ಯುತ್ ಸರಾಸರಿಯಲ್ಲಿ ಯೂನಿಟ್ಟಿಗೆ 0.7 ಕಿಲೋ ಆಸುಪಾಸು ಇರುವುದರಿಂದ 8 ಯೂನಿಟ್ಟಿಗೂ ಐದೂವರೆ ಕಿಲೋ ದಾಟುತ್ತದೆ. ಅಂತರ ಸಣ್ಣದು. ಅದು ದೊಡ್ಡದಾಗುವುದು ಹಗಲು ಚಾರ್ಜ್ ಮಾಡಿದಾಗ. ಪಾವಗಡದ 2,050 ಮೆಗಾವ್ಯಾಟಿನಂಥ ಸೌರ ಸ್ಥಾವರಗಳಿಂದ ಮಧ್ಯಾಹ್ನ ನಮ್ಮ ರಾಜ್ಯದಲ್ಲಿ ಬಿಸಿಲಿನ ಕರೆಂಟು ಧಾರಾಳ. ರಾತ್ರಿಯ ಕರೆಂಟಿನಲ್ಲಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಪಾಲು ಹೆಚ್ಚು. ಊಟದ ಹೊತ್ತಿನ ಎರಡು ಗಂಟೆ ಚಾರ್ಜು ವಾತಾವರಣಕ್ಕೂ ನಿಮ್ಮ ಸಂಜೆಯ ರೇಂಜಿಗೂ (ಚಾರ್ಜಿನಲ್ಲಿ ಓಡುವ ದೂರಕ್ಕೂ) ಒಳ್ಳೆಯದು. ಇನ್ನು ನಿಮ್ಮ ಮೂಗಿನ ಕೆಳಗಿನ ಹೊಗೆ, ಕಾಲಿನ ಕೆಳಗಿನ ಎಂಜಿನ್ ನಡುಕ ಮೊದಲ ದಿನದಿಂದಲೇ ಇಲ್ಲವಾಗುತ್ತದೆ. ಹವಾಮಾನದ ಲೆಕ್ಕದಲ್ಲಿ ತುಂಬಿದ ಬಸ್ಸನ್ನು ಯಾವ ಆಟೊವೂ ಮೀರಿಸದು. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 50 ಜನರಿದ್ದರೆ ಒಬ್ಬರ ಪಾಲಿಗೆ ಕಿಲೋಮೀಟರಿಗೆ 13–14 ಗ್ರಾಂ. ಇಬ್ಬರಿರುವ ಆಟೊದಲ್ಲಿ ಅದರ ಎರಡೂವರೆ ಪಟ್ಟು. ಬಸ್ಸಿಗೆ ಜನರನ್ನು ತಲುಪಿಸುವ ಆಟೊ ನಗರಕ್ಕೆ ಬೇಕೇ ಬೇಕು, ಅದಕ್ಕೆಂದೇ ಅದನ್ನು ಓಡಿಸುವವರಿಗೆ ಕಡಿಮೆ ಬಡ್ಡಿಯ ಸಾಲ ಕೊಡುವುದು ಸರ್ಕಾರದ ಹೊಣೆ.

ಶೇಠ್‌ಗಳ ಗಾಡಿಯನ್ನು ದಿನಬಾಡಿಗೆಗೆ ಓಡಿಸುವ ನಿಮ್ಮ ಗೆಳೆಯರಿಗೂ ಒಂದು ಮಾತು. ಎಲೆಕ್ಟ್ರಿಕ್ ಗಾಡಿಯ ಬಾಡಿಗೆ ಎಲ್‌ಪಿಜಿ ಗಾಡಿಗಿಂತ ದಿನಕ್ಕೆ 200 ರೂ. ಹೆಚ್ಚಿಟ್ಟರೆ ಉಳಿತಾಯವೆಲ್ಲ ಮಾಲೀಕನಿಗೇ ಹೋಗುತ್ತದೆ. ಇಂಧನದಲ್ಲಿ ಉಳಿಯುವುದರ ಅರ್ಧವಾದರೂ ಓಡಿಸುವವನಿಗೆ ಉಳಿಯುವಂತೆ ಮಾತಾಡಿ.

ಕಾಗದಪತ್ರದ ವಿಷಯ ಚುಟುಕಾಗಿ: 2018ರ ಅಕ್ಟೋಬರಿನ ಕೇಂದ್ರ ಅಧಿಸೂಚನೆ ಬ್ಯಾಟರಿ ವಾಹನಗಳಿಗೆ ಪರ್ಮಿಟ್ ವಿನಾಯಿತಿ ಕೊಟ್ಟಿದೆ. ಬಾಡಿಗೆ ಗಾಡಿಯಾದ್ದರಿಂದ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ. ಹಾಗೆಂದು ಹಳೆ ಪರ್ಮಿಟ್ಟನ್ನು ಅವಸರದಲ್ಲಿ ಬಿಟ್ಟುಕೊಡಬೇಡಿ. ಸ್ಟ್ಯಾಂಡಿನ ಜಾಗ, ಓಡಾಟದ ಮಿತಿ ಇವುಗಳ ಸ್ಥಳೀಯ ನಿಯಮ ಏನೆಂದು ಧಾರವಾಡ ಜಿಲ್ಲೆಯ ಆರ್‌ಟಿಒ ಕಚೇರಿಯಲ್ಲಿ ಕೇಳಿದ ಮೇಲಷ್ಟೇ ತೀರ್ಮಾನಿಸಿ. ಹಳೆ ಗಾಡಿಗೆ ಎಲೆಕ್ಟ್ರಿಕ್ ಕಿಟ್ ಹಾಕಿಸುವ ಯೋಚನೆ ಬೇಡ, ಒಂಬತ್ತು ವರ್ಷದ ಚಾಸಿಗೆ ಅಷ್ಟು ಹಣ ಸುರಿಯುವುದು ದಂಡ.

ಕೊನೆಗೆ ಗಾಡಿ ಆರಿಸುವ ದಿನ. ಕಂಪನಿ ಹೇಳುವ ರೇಂಜಿನ ಮೂರನೇ ಎರಡು ಭಾಗವನ್ನಷ್ಟೇ ನಂಬಿ. ಡೆಮೊ ಗಾಡಿಯನ್ನು ಅರ್ಧ ಗಂಟೆ ಖಾಲಿ ಓಡಿಸಿ ಒಪ್ಪಬೇಡಿ, ಒಂದು ಪೂರ್ತಿ ದಿನಕ್ಕೆ ಕೇಳಿ. ಮೂವರನ್ನು ಕೂರಿಸಿ ನೃಪತುಂಗ ಬೆಟ್ಟದ ಏರು ಹತ್ತಿಸಿ, ಹಳೇ ಹುಬ್ಬಳ್ಳಿಯ ಸಂದಿಯಲ್ಲಿ ತಿರುಗಿಸಿ, ಗೋಕುಲ ರಸ್ತೆಯಲ್ಲಿ ವೇಗ ಹಿಡಿಯಿರಿ. ಸಂಜೆ ಚಾರ್ಜಿಗೆ ಹಾಕುವ ಮೊದಲು ಮತ್ತು ಚಾರ್ಜು ತುಂಬಿದ ಮೇಲೆ ಸಬ್‌ಮೀಟರಿನ ಅಂಕಿ ಬರೆದುಕೊಳ್ಳಿ. ಆ ವ್ಯತ್ಯಾಸವನ್ನು ಓಡಿಸಿದ ಕಿಲೋಮೀಟರಿನಿಂದ ಭಾಗಿಸಿ. 85 ಕಿ.ಮೀ.ಗೆ 8 ಯೂನಿಟ್ ಆಸುಪಾಸು ಬಂದರೆ ಮೇಲಿನ ಲೆಕ್ಕ ನಿಮಗೆ ಹೊಂದುತ್ತದೆ. 10 ದಾಟಿದರೆ ಗಾಡಿಯ ಟೈರ್ ಗಾಳಿ, ಬ್ರೇಕ್ ಹಿಡಿತ ನೋಡಿಸಿ ಮತ್ತೊಮ್ಮೆ ಓಡಿಸಿ. ಆಗಲೂ ಇಳಿಯದಿದ್ದರೆ ಬೇರೆ ಮಾಡೆಲ್ ನೋಡಿ.